ಮೆಟ್ಟಿಲಿಗೆ ಬೆರಳಿಲ್ಲ

ಪಟಾಲಮ್ಮನನ್ನು ಹುಣಸೆಹಣ್ಣು ಕುಟ್ಟುವ ಮರದ ಕೊಡತಿಯಿಂದ ತಲೆಗೆ ಹೊಡೆದು ಕೊಂದರು. ಪೇಪರಿನ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಬಂತು, ಹಳೇ ದ್ವೇಷಕ್ಕೆ ಮಹಿಳೆ ಬಲಿ ಎಂದು. ಹಳೇ ದ್ವೇಷ ಯಾವುದೂ ಇರಲಿಲ್ಲ. ಅವಳು ಒಂದು ಹಾಡನ್ನು ನನ್ನದು ಎಂದು ಒಪ್ಪಿಕೊಂಡಿದ್ದಳು, ಅದಕ್ಕೇ ಕೊಂದರು. ಆ ನಾಲ್ಕು ಸಾಲು ಓದಿದವರಿಗೆ ಉಳಿದದ್ದೂ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾವಿಬ್ಬರೂ ಚನ್ನರಾಯನದುರ್ಗದ ಬೆಟ್ಟದ ಬುಡದ ಒಂದೇ ಹಟ್ಟಿಯವರು. ಒಂದೇ ಶಾಲೆಗೆ ಹೋದೆವು. ಅವಳು ಏಳನೇ ಕ್ಲಾಸಿಗೆ ಬಿಟ್ಟಳು, ನಾನು ಓದಿ ಕೊರಟಗೆರೆಯಲ್ಲಿ ಟೀಚರಾದೆ. ಬಾಯಿ ಬಲು ಜೋರು ಅವಳದು. ನಾನು ಕನ್ನಡಕ ಹಾಕಿದ ದಿನ ನೋಡಿ, "ಲೇ ಇಂದ್ರಿ, ಕಣ್ಣಿಗೇ ಕಿಟಕಿ ಇಕ್ಕಿಸ್ಕಂಡ್ಯಲ್ಲೇ, ಒಳಗೆ ಯಾರವ್ರೆ ಅಂತ ಇಣುಕ್ಲಾ?" ಎಂದು ಬಸ್‌ಸ್ಟಾಪಿನಲ್ಲಿ ಎಲ್ಲರೂ ನಗುವಂತೆ ಕೂಗಿದ್ದಳು. ಮಂಡಿಯ ಷೆಡ್ಡಿನಲ್ಲಿ ಹುಣಸೆ ಕುಟ್ಟಿ ಬೀಜ ತೆಗೆಯುವ ಕೆಲಸ ಅವಳದು. ಕೂತಲ್ಲಿಯೇ ಕೊಡತಿ ಎತ್ತಿ ಎತ್ತಿ ಬಲ ತೋಳು ಗಂಡಸರ ತೋಳಿನಂತೆ ಆಗಿತ್ತು. ಷೆಡ್ಡಿನ ಮೇಸ್ತ್ರಿಯೊಬ್ಬ ಹುಡುಗಿಯೊಬ್ಬಳ ಸೊಂಟಕ್ಕೆ ಕೈ ಹಾಕಿದಾಗ ಅವನ ಅಂಗೈಯನ್ನು ಕುಟ್ಟುವ ಕಲ್ಲಿನ ಮೇಲೆ ಹಿಡಿದಿಟ್ಟು, "ಬೀಜ ತೆಗೀಲೇನ್ಲಾ?" ಎಂದು ಕೊಡತಿ ಎತ್ತಿದವಳು. ಅವನು ಕೆಲಸ ಬಿಟ್ಟು ಹೋದ.

ಇದರ ಜೊತೆಗೆ ಅವಳಿಗೆ ಇನ್ನೊಂದು ಕೆಲಸವಿತ್ತು. ಸುತ್ತಿನ ಊರುಗಳಲ್ಲಿ ಸಾವಾದರೆ ಹೆಣದ ಮುಂದೆ ಹಾಡಿ ಅಳುವುದಕ್ಕೆ ಅವಳನ್ನು ಕರೆಯುತ್ತಿದ್ದರು. ಅತ್ತೆಯಿಂದ ಬಂದ ಕಸುಬು. ಹೆಣಕ್ಕೆ ನೀರು ಹಾಕುವಾಗ ಅವಳೂ ಒಬ್ಬಳಾಗಿ ನಿಲ್ಲುತ್ತಿದ್ದಳು. ಸತ್ತವರ ಮೈ ನೋಡದೆ ಬಾಯಿಗೆ ಹಾಡು ಬರುವುದಿಲ್ಲ ಎನ್ನುತ್ತಿದ್ದಳು. ಆಮೇಲೆ ತಲೆಯ ಬಳಿ ಕೂತು ಆ ಬದುಕನ್ನೆಲ್ಲ ಬಿಚ್ಚಿ ಹೇಳುವಳು. ಯಾರು ಅನ್ನ ಹಾಕಲಿಲ್ಲ, ಯಾರು ಕೈ ಎತ್ತಿದರು, ಯಾರು ಆಸ್ಪತ್ರೆಗೆ ಸೇರಿಸದೆ ಮುಂದೂಡಿದರು ಎಂದು ಹೆಸರು ಹಿಡಿದೇ ಹಾಡುವಳು. ಹೆಸರು ಬಂದವರು ಅಲ್ಲೇ ನಿಂತು ಕೇಳಬೇಕು. ಎದ್ದು ಹೋಗುವಂತಿಲ್ಲ, ಎದುರಾಡುವಂತಿಲ್ಲ. ಮಣ್ಣು ಮುಚ್ಚಿದ ಮೇಲೆ ಆ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ಪಂಚಾಯ್ತಿಯಲ್ಲೂ ಇಲ್ಲ, ಜಗಳದಲ್ಲೂ ಇಲ್ಲ.

"ಹೆಣದ ಮುಂದೆ ನಮ್ದೂ ಒಂದು ಕೋರ್ಟು ಕಣೇ," ಎಂದಿದ್ದಳು ಒಮ್ಮೆ. "ಅಲ್ಲಿ ವಾದ ಐತೆ, ತೀರ್ಪಿಲ್ಲ. ಮಣ್ಣು ಎಳೆಯೋ ಹೊತ್ಗೆ ಮಾತೂ ಒಳಿಕ್ಕೋಯ್ತದೆ."

ಅವಳ ಗಂಡ ಕುಡಿದು ಹೊಡೆಯುತ್ತಿದ್ದವನು. ಒಂದು ಸಲ ಬಾಗಿಲ ಚಿಲಕಕ್ಕೆ ಮುಖ ಗುದ್ದಿಸಿ ಮುಂದಿನ ಹಲ್ಲು ಮುರಿದಿದ್ದ. ಅವನು ಸತ್ತಾಗಲೂ ಅವಳೇ ಹಾಡಿದಳು. "ಹಲ್ಲ ಮುರ್ದ ಕೈಯ್ಯ ಇರುವೆ ಮುತ್ತಾವಲ್ಲೋ, ಕೊಡವಿಕೋ ನನ್ನೊಡೆಯ, ಕೊಡವಿಕೋ" ಎಂದು ಹಾಡುತ್ತ ಅವನ ಕೈ ಮೇಲಿನ ಇರುವೆಗಳನ್ನು ಸೆರಗಿನಿಂದ ಒರೆಸುತ್ತಿದ್ದಳು. ಗಂಡನ ಅಣ್ಣತಮ್ಮಂದಿರು ತಲೆ ತಗ್ಗಿಸಿ ನಿಂತು ಅತ್ತರು. ಮೂರನೆಯ ದಿನದ ಹಾಲು ತುಪ್ಪಕ್ಕೆ ಅವರೇ ಮುಂದೆ ನಿಂತರು. ಒಂದೇ ಮಗಳು ಗಂಗಲಕ್ಷ್ಮಿ ಆಗ ಚಿಕ್ಕವಳು. ಈಗ ಮಧುಗಿರಿಯಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ.

ಹೆಣವಿಲ್ಲದ ಕಡೆ ಪಟಾಲಮ್ಮ ಆ ಹಾಡುಗಳ ಒಂದು ಸೊಲ್ಲನ್ನೂ ಎತ್ತುತ್ತಿರಲಿಲ್ಲ. ನಾನೊಮ್ಮೆ ಮನೆಯಲ್ಲಿ ಕೇಳಿದ್ದಕ್ಕೆ ನನ್ನ ಬಾಯನ್ನೇ ಮುಚ್ಚಿದಳು. "ಹೆಣ ಇಲ್ದೆ ಹಾಡುದ್ರೆ ಹಾಡೇ ಹೆಣ ಹುಡಿಕ್ಕಂಡು ಬತ್ತದೆ. ಬಾಯಿಗೆ ಬಂದಿದ್ ಕೇಳ್ಬ್ಯಾಡ."

ಹೋದ ವರ್ಷ ಹುಣಸೆ ಸುಗ್ಗಿಯಲ್ಲಿ ನಮ್ಮ ಹಟ್ಟಿಯ ಚನ್ನಮಲ್ಲಮ್ಮನ ಮಗಳು ಅನುಪಮಾ ಸತ್ತಳು. ಶಿರಾ ತಾಲ್ಲೂಕಿನ ಗೌಡಗೆರೆ ಕಡೆಗೆ ಕೊಟ್ಟಿದ್ದರು. ಗಂಡ ಜಯಣ್ಣ ಬೋರ್‌ವೆಲ್ ಲಾರಿಯವನು. ಮಹಡಿ ಮೆಟ್ಟಿಲಿಂದ ಜಾರಿ ಬಿದ್ದಳು ಎಂದು ಫೋನು ಬಂತು. ಚನ್ನಮಲ್ಲಮ್ಮನಿಗೆ ಗಂಡನಿಲ್ಲ, ಗಂಡು ಮಕ್ಕಳಿಲ್ಲ. ಎರಡೂ ಕಡೆಯ ಹಿರಿಯರು ಸೇರಿ, ಆಗಿದ್ದು ಆಯ್ತು, ಹೆಣ ಕುಯ್ಯಿಸುವುದು ಬೇಡ, ಪೊಲೀಸೂ ಬೇಡ ಎಂದು ತೀರ್ಮಾನಿಸಿದರು. ಹೆತ್ತ ತಾಯಿ ಮಗುವಿನ ಹೆಣಕ್ಕೆ ನೀರು ಹಾಕುವ ಹಾಗಿಲ್ಲ ನಮ್ಮಲ್ಲಿ. ತವರಿನ ಕಡೆಯಿಂದ ನೀರು ಹಾಕಿದವಳು ಪಟಾಲಮ್ಮ ಒಬ್ಬಳೇ. ಜೊತೆಗಿದ್ದ ಇಬ್ಬರೂ ಜಯಣ್ಣನ ಮನೆಯವರು.

ಸೀರೆ ಕಟ್ಟಿದ ಮರೆಯಲ್ಲಿ ಅವಳು ಕಂಡದ್ದು ಇದು. ಕತ್ತಿನ ಎರಡೂ ಪಕ್ಕ ಬೆರಳಿನ ಅಚ್ಚು, ನೀಲಿಗಟ್ಟಿದ್ದವು. ಬಲ ಮಣಿಕಟ್ಟು ಮುರಿದು ಜೋತಿತ್ತು, ಬಳೆ ಚೂರುಗಳು ಮಾಂಸದೊಳಗೆ ನಟ್ಟಿದ್ದವು. ತೊಡೆಯ ಮೇಲೆ ಬೆಲ್ಟಿನ ಬರೆ, ಹಳೆಯವೂ ಹೊಸವೂ. ನೀರು ಹಾಕುತ್ತಿದ್ದ ಜಯಣ್ಣನ ಅಕ್ಕ ಬೇಗ ಬೇಗ ಅರಿಶಿನ ಬಳಿಯುತ್ತ, "ಹೊತ್ತಾಯ್ತದೆ, ಸೀರೆ ಸುತ್ತಿ" ಎಂದಳಂತೆ.

ಪಟಾಲಮ್ಮ ತಲೆಯ ಬಳಿ ಕೂತಳು. ನಾನೂ ಅಲ್ಲಿದ್ದೆ, ಕೇಳಿದೆ.

"ಕಂಕಣ ಕಟ್ಟಿದ ಕೈಯಾಗೆ ಬಳೆಚೂರು ನಟ್ಟೈತೆ, ಏಳೇ ಅನುಪಮಾ
ಹೂವ ಮುಡಿಸೋ ಬೆಳ್ಳು ಕತ್ತಾಗೆ ಅಚ್ಚಾಗೈತೆ, ಏಳೇ ಅನುಪಮಾ
ಮೆಟ್ಲು ತಳ್ತು ಅಂತಾರಲ್ಲೇ, ಮೆಟ್ಲಿಗೆ ಬೆಳ್ಳು ಯಾವಾಗ ಬಂದ್ವೇ
ಜಯಣ್ಣನ ಮನೆ ಮೆಟ್ಲಿಗೆ ಬೆಳ್ಳು ಯಾವಾಗ ಬಂದ್ವೇ"

ತೊಡೆಯ ಬರೆಯನ್ನೂ ಹಾಡಿದಳು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಚನ್ನಮಲ್ಲಮ್ಮ ಎದೆ ಬಡಿದುಕೊಂಡು ಮಗಳ ಕಾಲ ಮೇಲೆ ಬಿದ್ದಳು. ಜಯಣ್ಣ ಗೋಡೆಗೊರಗಿ ನಿಂತು ಎಲ್ಲ ಕೇಳಿದ. ಅವಳ ಬಾಯಿ ಮುಚ್ಚಿಸಲಿಲ್ಲ. ಮಣ್ಣಾದ ಮೇಲೆ, ಪದ್ಧತಿಯಂತೆ, ಅವನೇ ಎಲೆ ಅಡಿಕೆ ಇಟ್ಟು ಪಟಾಲಮ್ಮನಿಗೆ ಸೀರೆ ಕೊಟ್ಟ. ಎಲ್ಲ ಮಣ್ಣೊಳಗೆ ಹೋಯಿತು ಎಂದೇ ಅವನೂ ತಿಳಿದಿದ್ದ.

ಆದರೆ ಆವತ್ತು ಅಂಗಳದಲ್ಲಿ ಕ್ಯಾಮರಾ ಇತ್ತು. ದೂರದ ನೆಂಟರು ಬರಲಾಗದಿದ್ದರೆ ಮದುವೆಯ ಹಾಗೆ ಸಾವನ್ನೂ ಫೋನಿನಲ್ಲಿ ಲೈವ್ ತೋರಿಸುವುದು ಈಗ ನಮ್ಮ ಕಡೆ ಬಂದಿದೆ. ಜಯಣ್ಣನ ಮನೆಯವರೇ ಮಧುಗಿರಿಯಿಂದ ರೇವಂತ್ ಎನ್ನುವ ವಿಡಿಯೋದವನನ್ನು ಕರೆಸಿದ್ದರು. ಅವನಿಗೆ ಸ್ವಂತದ್ದೊಂದು ಚಾನೆಲ್ಲೂ ಇತ್ತು. ಲೈವ್‌ನಿಂದ ಹಾಡನ್ನು ಕತ್ತರಿಸಿ, ಹಿಂದೆ ಕೀಬೋರ್ಡು ಸೇರಿಸಿ, ಬೆಟ್ಟದ ಮೇಲಿನ ಡ್ರೋನ್ ಚಿತ್ರ ಅಂಟಿಸಿ, "ಕಲ್ಲು ಕರಗಿಸುವ ಸಾವಿನ ಹಾಡು, ಹೆಡ್‌ಫೋನ್ ಹಾಕಿ ಕೇಳಿ" ಎಂದು ಹಾಕಿದ.

ಪಟಾಲಮ್ಮನಿಗೆ ಗೊತ್ತಾದದ್ದು ಷೆಡ್ಡಿನಲ್ಲಿ. ಊಟದ ಹೊತ್ತಿನಲ್ಲಿ ಪಕ್ಕದವಳ ಫೋನಿನಿಂದ ತನ್ನದೇ ದನಿ ಬಂತು. ಕೆಳಗೆ ಜನ ಬರೆದದ್ದನ್ನು ಆ ಹೆಂಗಸು ಓದಿ ಹೇಳಿದಳು. ದನಿ ಸೂಪರ್ ಆಂಟಿ. ಬೆಳಿಗ್ಗೆಯಿಂದ ಹತ್ತು ಸಲ ಕೇಳಿದೆ. ತೊಡೆ ಮೇಲೆ ಬರೆ ಅಂದ್ರಲ್ಲ, ಫೋಟೋ ಇದ್ರೆ ಹಾಕಿ. ಪಟಾಲಮ್ಮ ಬಾಯಿಗಿಟ್ಟ ತುತ್ತನ್ನು ಉಗಿದು ಎದ್ದಳಂತೆ. ಸಂಜೆ ನೇರ ನನ್ನ ಮನೆಗೆ ಬಂದಳು.

"ಇಂದ್ರಿ, ಆ ಮಗೀನ ಮೈಯ್ಯ ಸೀರೆ ಮರೆ ಕಟ್ಕಂಡು ತೊಳ್ದಿದ್ವಿ ಕಣೇ. ಈಗ ಬಸ್‌ಸ್ಟ್ಯಾಂಡಾಗೆ ಬಿಚ್ಚಿಕ್ಕವ್ನೆ. ಅದ್ನ ಅಳ್ಸಿಸ್ಬೇಕು. ಏನಾರಾ ಆಗ್ಲಿ, ಅಳ್ಸಿಸ್ಬೇಕು."

ಅವಳಿಗೆ ಬೇಕಾದದ್ದು ಅಷ್ಟೇ. ಆ ಮಾತು ಮಣ್ಣಿಗೆ ಹೋಗಬೇಕು.

ಮಧುಗಿರಿಯಲ್ಲಿ ರೇವಂತನ ಅಂಗಡಿಗೆ ನಾವಿಬ್ಬರೂ ಹೋದೆವು. ಅವನು ಎದ್ದು ಕುರ್ಚಿ ಕೊಟ್ಟ. "ಅಕ್ಕಾ, ನಿಮ್ಮನ್ನೇ ನೋಡ್ಬೇಕು ಅಂತಿದ್ದೆ. ನೀವೀಗ ಫೇಮಸ್ಸು. ಇನ್ನೊಂದ್ ನಾಕು ಹಾಡು ಹಾಡ್ಬುಡಿ, ಸ್ಟುಡಿಯೋದಾಗೆ ಮಾಡಣ."

"ಹೆಣ ಯಾರ್ದಿಕ್ಕನ್ಲಾ? ನಿಂದಾ?" ಎಂದಳು ಪಟಾಲಮ್ಮ. "ಮೊದ್ಲು ಅದ್ನ ತೆಗಿ."

"ಅದೆಂಗಾಯ್ತದಕ್ಕ? ಲೈವ್‌ಗೆ ಆರ್ಡರ್ ಕೊಟ್ಟೋರು ಆ ಮನೆಯೋರು. ಕ್ಯಾಮರಾ ನಂದು, ಎಡಿಟಿಂಗ್ ನಂದು. ಕಂಟೆಂಟ್ ನಂದೇ ಆಯ್ತದೆ."

"ಕ್ಯಾಮರಾ ನಿಂದು, ಗಂಟ್ಲು ಯಾರ್ದ್ಲಾ? ಒಳಗಿದ್ದ ಹೆಣ ಯಾರ್ದ್ಲಾ?"

ಅವನು ನಕ್ಕ. ಆ ನಗೆಗೆ ಅವಳು ಕ್ಯಾಮರಾದ ಸ್ಟ್ಯಾಂಡ್ ಎತ್ತಿ ಗಾಜಿನ ಮೇಜಿಗೆ ಹೊಡೆದಳು. ಗಾಜು ಸಿಡಿದು ಅವನ ಹಣೆಯಲ್ಲಿ ರಕ್ತ ಬಂತು. ನಾನು ಅವಳನ್ನು ಹಿಂದಿನಿಂದ ತಬ್ಬಿ ಎಳೆದು ತರಬೇಕಾಯಿತು. ಬಸ್ಸಿನಲ್ಲಿ ಕೂತು ತನ್ನ ಅಂಗೈಗೆ ನಟ್ಟ ಗಾಜನ್ನು ಹಲ್ಲಿನಿಂದ ಕಿತ್ತು ಉಗಿದಳು.

ಶಿರಾದಲ್ಲಿ ಜೈಬಾ ಎನ್ನುವ ವಕೀಲೆ ಇದ್ದಾಳೆ. ಹಿಂದೊಮ್ಮೆ ನಮ್ಮ ಶಾಲೆಗೆ ಕಾನೂನು ತಿಳಿಸಲು ಬಂದಿದ್ದವಳು. ಅವಳ ಬಳಿ ಹೋದೆವು. ಜೈಬಾ ಪೂರ್ತಿ ಕೇಳಿಸಿಕೊಂಡು ಬಿಡಿಸಿ ಹೇಳಿದಳು. ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ ಹಕ್ಕಿದೆ, ಕೇಳದೆ ಅದನ್ನು ಚಿತ್ರೀಕರಿಸಿ ಹಂಚುವಂತಿಲ್ಲ. ಆದರೆ ಸತ್ತವರ ಮರ್ಯಾದೆಗೆ ಅಂಥ ರಕ್ಷಣೆ ಇಲ್ಲ. ಖಾಸಗಿ ಬದುಕಿನ ಹಕ್ಕು ಬಹುಮಟ್ಟಿಗೆ ಆ ಮನುಷ್ಯನ ಜೊತೆಗೇ ಮುಗಿದುಹೋಗುತ್ತದೆ ಎನ್ನುತ್ತವೆ ಕೋರ್ಟುಗಳು.

"ಅಂದ್ರೆ ಅನುಪಮನ ಹೆಸರಲ್ಲಿ ಕೇಳೋದು ಕಷ್ಟ ಅಮ್ಮಾ," ಎಂದಳು. "ನಿಮ್ಮ ಹೆಸರಲ್ಲಿ ಕೇಳ್ಬೇಕು. ಈ ಹಾಡು ನನ್ನದು ಅಂತ ನೀವು ಬರ್ಕೊಡ್ಬೇಕು."

"ನಂದು ಅಂದ್ರೆ? ಹಾಡು ಹೆಣದ್ದು ಕಣವ್ವ. ನಾನು ಬಾಯಿ ಕೊಟ್ಟೆ ಅಷ್ಟೆ."

"ಅರೆ, ಕಾನೂನಿಗೆ ಹೆಣ ಸಹಿ ಹಾಕೋಲ್ಲ ಅಲ್ವಾ? ಬಾಯಿ ಇರೋರೇ ಹಾಕ್ಬೇಕು."

ಪಟಾಲಮ್ಮ ಸಹಿ ಹಾಕಿದಳು. ನೋಟಿಸು ಹೋಯಿತು, ಚಾನೆಲ್ಲುಗಳನ್ನು ನಡೆಸುವ ಕಂಪನಿಯವರು ವಿಡಿಯೋ ತೆಗೆದುಹಾಕಿದರು. ಕೆಲವೇ ದಿನ. ರೇವಂತ ಇದು ನಮ್ಮ ತಂಡದ ಸ್ವಂತ ರಚನೆ ಎಂದು ಎದುರು ಅರ್ಜಿ ಹಾಕಿದ. ವಿಡಿಯೋ ಮತ್ತೆ ಮೇಲೆ ಬಂತು. ಆ ಹೊತ್ತಿಗೆ ಬೇರೆಯವರೂ ಅದನ್ನು ಇಳಿಸಿಕೊಂಡು ತಮ್ಮ ತಮ್ಮ ಪೇಜುಗಳಲ್ಲಿ ಹಾಕಿದ್ದರು. ಜನ ಇನ್ನೊಂದು ಪ್ರಶ್ನೆ ಕೇಳತೊಡಗಿದ್ದರು. ಮೆಟ್ಟಿಲಿಗೆ ಬೆರಳು ಇಲ್ಲವಲ್ಲ, ಹಾಗಾದರೆ ಇದು ಕೊಲೆಯಲ್ಲವೇ? ಯಾರು ಈ ಜಯಣ್ಣ? ಯಾರೋ ಊರಿನ ಹೆಸರನ್ನೂ ಹುಡುಕಿ ಹಾಕಿದರು. ಪೊಲೀಸರು ಜಯಣ್ಣನ ಮನೆಗೆ ವಿಚಾರಣೆಗೆ ಬಂದರು.

ಜಯಣ್ಣ ಮೊದಲು ರೇವಂತನನ್ನು ಹಿಡಿದ. ಅವನೂ ಅವನ ಲಾರಿಯ ಹುಡುಗರೂ ಮಧ್ಯಾಹ್ನ ಅಂಗಡಿಯಿಂದಲೇ ಎತ್ತಿಕೊಂಡು ಹೋಗಿ, ಕೆರೆ ಏರಿಯ ಮೇಲೆ ಕೂರಿಸಿ, ಬೋರ್‌ವೆಲ್ ಪೈಪು ಬಿಗಿಸುವ ಸ್ಪ್ಯಾನರಿನಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಜಜ್ಜಿದರು. ಕ್ಯಾಮರಾ ಒತ್ತುವ ಬೆರಳು ಯಾವುದು ಎಂದು ಕೇಳಿ ಕೇಳಿ ಜಜ್ಜಿದರು ಎಂದು ಅವನೇ ಆಮೇಲೆ ಜೈಬಾಳ ಮುಂದೆ ಅತ್ತ. ಆವತ್ತಿನಿಂದ ರೇವಂತನ ಮಾತು ಇನ್ನೊಂದು ರೀತಿ ಆಯಿತು. ಹಾಡು ಕಟ್ಟಿದ್ದು ನಾನೇ, ಎಲ್ಲಾ ಕಾಲ್ಪನಿಕ, ಆ ಅಮ್ಮ ನಾನು ಹೇಳಿಕೊಟ್ಟಿದ್ದನ್ನು ಹಾಡಿದ್ದಾರೆ ಎಂದು ಠಾಣೆಯಲ್ಲಿ ಬರೆದುಕೊಟ್ಟ.

ಆ ವಾರವೇ ಜಯಣ್ಣ ಪಟಾಲಮ್ಮನ ಮನೆಗೆ ಬಂದ. ಜೊತೆಗೆ ನಮ್ಮ ಹಟ್ಟಿಯ ಇಬ್ಬರು ಹಿರಿಯರು. ನಾನು ಒಳಗೆ ಅಡುಗೆಮನೆಯಲ್ಲಿದ್ದೆ, ಬಾಗಿಲ ಸಂದಿಯಿಂದ ಎಲ್ಲ ಕಾಣುತ್ತಿತ್ತು. ಅವನ ದನಿ ಮೆತ್ತಗಿತ್ತು.

"ನೋಡಮ್ಮೋ, ನಿಂಗೂ ಆ ವಿಡಿಯೋ ಬ್ಯಾಡ, ನಂಗೂ ಬ್ಯಾಡ. ರೇವಂತ ಬರ್ದಿದ್ದು, ನಾನು ಹಾಡಿದ್ದು ಅಂತ ಠಾಣೆಯಾಗೆ ಒಂದ್ಮಾತು ಹೇಳ್ಬುಡು. ಅವತ್ತೇ ಅವ್ನ ಕೈಲಿ ಎಲ್ಲಾ ಅಳ್ಸಿಸ್ತೀನಿ. ಬ್ಯಾರೆ ಪೇಜ್ನೋರ್ದೂ ಅಳ್ಸಿಸ್ತೀನಿ. ಮಾತು ಮಣ್ಣಿಗೋಯ್ತದೆ."

ಹಿರಿಯರಲ್ಲೊಬ್ಬರು, "ನ್ಯಾಯದ ಮಾತು ಕಣ್ ಪಟಾಲಿ. ಹೆಣದ ಮುಂದಿನ ಮಾತು ಆಚೆ ಬರಬಾರ್ದು. ನಿಮ್ಮತ್ತೆ ಇದ್ದಿದ್ರೆ ಒಪ್ತಿದ್ಲು" ಎಂದರು.

ಜಯಣ್ಣ ಏಳುವಾಗ, ತಮಾಷೆ ಎನ್ನುವಂತೆ, ಪಟಾಲಮ್ಮನ ಕತ್ತಿನ ಮೇಲೆ ಅಂಗೈ ಇಟ್ಟು ಹೆಬ್ಬೆರಳನ್ನು ಗಂಟಲಿಗೆ ಒತ್ತಿದ. "ಹೇಳ್ನಿಲ್ಲ ಅಂದ್ರೆ, ಮೆಟ್ಲಿಗೆ ಬೆಳ್ಳು ಬತ್ತವೆ ಕಣಮ್ಮೋ." ಹಿರಿಯರು ಹೊಸ್ತಿಲ ಕಡೆ ನೋಡುತ್ತಿದ್ದರು.

ಅವರು ಹೋದ ಮೇಲೆ ಅವಳು ಗಂಟಲು ನೀವಿಕೊಳ್ಳುತ್ತ ಕೂತಿದ್ದಳು. ಅವಳು ಕೇಳಿದ್ದನ್ನೇ ಅವನು ತಂದುಕೊಟ್ಟಿದ್ದ. ನನ್ನದಲ್ಲ ಎಂದರೆ ಹಾಡು ಅಳಿಯುತ್ತದೆ, ಅನುಪಮನ ಮೈ ಮುಚ್ಚಿಕೊಳ್ಳುತ್ತದೆ, ಪದ್ಧತಿಯೂ ಉಳಿಯುತ್ತದೆ. ನನ್ನದು ಎಂದರೆ, ಪೊಲೀಸರು ವಿಚಾರಣೆಗೆ ಇಳಿದ ಮೇಲೆ, ಅದು ಕೊಲೆಯ ಸಾಕ್ಷಿ. ಹಾಗಾದರೆ ಅದನ್ನು ಯಾರೂ ಅಳಿಸುವಂತಿಲ್ಲ, ಜೈಬಾ ಅದನ್ನು ಆಗಲೇ ಸ್ಪಷ್ಟವಾಗಿ ಹೇಳಿದ್ದಳು. ಜೊತೆಗೆ ಹೆಣದ ಮುಂದೆ ಆಡಿದ್ದನ್ನು ಹೆಣವಿಲ್ಲದ ಕಡೆ ಅವಳೇ ಮತ್ತೆ ಆಡಬೇಕು. ಅವಳ ಅತ್ತೆಯಾಗಲಿ, ಅತ್ತೆಯ ಅತ್ತೆಯಾಗಲಿ ಮಾಡದ ಕೆಲಸ.

"ಸತ್ಯ ಹೇಳೋದು ನಿಂಗೆ ಸಲೀಸು ಕಣೇ ಇಂದ್ರಿ," ಎಂದಳು ನನಗೆ. "ನಿಮ್ ಇಸ್ಕೂಲ್ನಾಗೆ ಗೋಡೆ ಮ್ಯಾಲೇ ಬರ್ದವ್ರೆ. ನಾನು ಅದ್ನ ಹೇಳ್ಬುಟ್ರೆ ಮುಂದ್ಕೆ ಯಾವ ಹೆಣದ ಮುಂದೆ ಯಾವಳು ಬಾಯ್ ಬಿಡ್ತಾಳೆ? ಯಾರು ನಿಂತ್ಕಂಡು ಕೇಳ್ತಾರೆ?"

ನಾನು ಎದ್ದು ಅವಳಿಗೆ ಬಿಸಿನೀರು ಕಾಯಿಸಿಕೊಟ್ಟೆ.

ಮರುದಿನ ಚನ್ನಮಲ್ಲಮ್ಮ ಬಂದಳು. ಹಾಡಿನ ವಿಷಯವನ್ನಾಗಲಿ ಕೇಸಿನ ವಿಷಯವನ್ನಾಗಲಿ ಎತ್ತಲಿಲ್ಲ. ಜಗಲಿಯ ಮೇಲೆ ಕೂತು ಒಂದೇ ಒಂದು ಕೇಳಿದಳು. "ಪಟಾಲಿ, ಹಾಡಾಗೆ ಒಂದಕ್ಕೆರಡು ಸೇರಿಸ್ತಾರಂತೆ. ನೀನು ಸೇರಿಸ್ದಾ, ಇಲ್ಲಾ ಕಂಡ್ಯಾ? ನಾನು ಅವ್ಳ ಮೈ ನೋಡ್ನಿಲ್ಲ. ನೀನು ನೋಡ್ದೆ."

"ಕಂಡೆ ಕಣಕ್ಕ."

"ಕತ್ತಿನ್ದೂ?"

"ಕತ್ತಿನ್ದೂ ಕಂಡೆ. ಹಾಡಾಗೆ ಬಿಟ್ಟಿದ್ದೂ ಐತೆ."

ಚನ್ನಮಲ್ಲಮ್ಮ ಎದ್ದು ಜಗಲಿಯ ಕಂಬಕ್ಕೆ ಹಣೆ ಚಚ್ಚಿಕೊಳ್ಳತೊಡಗಿದಳು. ಚರ್ಮ ಒಡೆದು ಕಂಬಕ್ಕೆ ರಕ್ತ ಹತ್ತಿತು. ಪಟಾಲಮ್ಮ ಅವಳನ್ನು ನೆಲಕ್ಕೆ ಕೆಡವಿ ಮೇಲೆ ಕೂತು ಹಿಡಿದುಕೊಂಡಳು. ಹಾಗೆ ಹಿಡಿದುಕೊಂಡೇ ನನ್ನ ಕಡೆ ತಿರುಗಿ, "ಆ ವಕೀಲಮ್ಮಂಗೆ ಫೋನ್ ಮಾಡು" ಎಂದಳು.

ಠಾಣೆಯಲ್ಲಿ ರೇವಂತ ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟು ಬೆಂಚಿನ ಮೇಲೆ ಕೂತಿದ್ದ. ಸಬ್‌ಇನ್‌ಸ್ಪೆಕ್ಟರ್ ಎರಡು ಕಾಗದ ಮುಂದಿಟ್ಟುಕೊಂಡಿದ್ದರು.

"ಇವ್ನು ಹಾಡು ನಂದು ಅಂತಾನೆ. ನಿಮ್ಮ ವಕೀಲರು ನಿಮ್ದು ಅಂತಾರೆ. ಯಾರ್ದಮ್ಮಾ?"

"ನಂದು."

"ಹಾಡಿ ನೋಡಣ. ಗೊತ್ತಾಗುತ್ತೆ."

"ಹೆಣ ಇಲ್ದೆ ಹಾಡಕಿಲ್ಲ ಸಾಮಿ. ಹೇಳ್ತೀನಿ, ಬರ್ಕಳಿ."

ಅವಳು ಹೇಳಿದಳು. ರಾಗವಿಲ್ಲದೆ, ಅಳುವಿಲ್ಲದೆ, ಸಂತೆಯಲ್ಲಿ ಕಳೆದ ಕುರಿಯ ಗುರುತು ಹೇಳುವವರ ಹಾಗೆ ಹೇಳಿದಳು. ಕತ್ತಿನ ಎಡಕ್ಕೆ ಎಷ್ಟು ಬೆರಳು, ಬಲಕ್ಕೆ ಎಲ್ಲಿ ಹೆಬ್ಬೆರಳು, ಮಣಿಕಟ್ಟು ಯಾವ ಕಡೆಗೆ ತಿರುಗಿತ್ತು, ಅರಿಶಿನ ಬಳಿದವರು ಯಾರು. ಹಾಡಿನಲ್ಲಿ ಇಲ್ಲದ್ದನ್ನೂ ಹೇಳಿದಳು. ಅನುಪಮನ ಬಾಯೊಳಗೆ ನಾಲಿಗೆ ಕಚ್ಚಿ ಹೋಗಿತ್ತು, ಉಗುರಿನ ಸಂದಿಯಲ್ಲಿ ಚರ್ಮ ಇತ್ತು. ಬರೆಯುತ್ತಿದ್ದ ಪೇದೆ ನಡುವೆ ಎದ್ದು ನೀರು ಕುಡಿದು ಬಂದ. ರೇವಂತ ಕೇಳುತ್ತ ಕೇಳುತ್ತ ತಲೆ ತಗ್ಗಿಸಿದವನು ಎತ್ತಲಿಲ್ಲ. ಕೊನೆಗೆ ಸಬ್‌ಇನ್‌ಸ್ಪೆಕ್ಟರ್ ಅವನನ್ನು ಕೇಳಿದರು, "ಇದ್ನೆಲ್ಲಾ ನೀನೇ ಕಲ್ಪಿಸ್ಕೊಂಡು ಬರ್ದ್ಯಾ?" ಅವನು ಇಲ್ಲ ಎಂದ.

ಮ್ಯಾಜಿಸ್ಟ್ರೇಟರ ಮುಂದೆಯೂ ಅವಳು ಅದನ್ನೇ ಹೇಳಿದಳು. ಜಯಣ್ಣ ಪರಾರಿಯಾದ. ಪಾವಗಡದಾಚೆ ನಾಗಲಮಡಿಕೆಯ ಹತ್ತಿರ ತೆಲುಗು ನೆಂಟರ ಮನೆಯಲ್ಲಿದ್ದಾನೆ, ಗಡಿ ದಾಟಿದ್ದಾನೆ ಎಂದು ಏನೇನೋ ಸುದ್ದಿ. ಅಧಿಕಾರಿಗಳ ಎದುರಿನಲ್ಲಿ ಅನುಪಮನ ಹೆಣ ಹೊರತೆಗೆದರು. ನಾನು ಹೋಗಲಿಲ್ಲ. ಕತ್ತಿನೊಳಗಿನ ಸಣ್ಣ ಮೂಳೆ ಮುರಿದಿದೆ, ಮಣಿಕಟ್ಟೂ ಮುರಿದಿದೆ ಎಂದು ಡಾಕ್ಟರು ಬರೆದರು ಎಂದು ಜೈಬಾ ಫೋನಿನಲ್ಲಿ ಹೇಳಿದಳು. ಬಿದ್ದರೆ ಆ ಮೂಳೆ ಹಾಗೆ ಮುರಿಯುವುದು ಅಪರೂಪವಂತೆ.

ಅಷ್ಟಾದ ಮೇಲೆ ಪಟಾಲಮ್ಮನನ್ನು ಯಾರೂ ಸಾವಿಗೆ ಕರೆಯಲಿಲ್ಲ. ನಮ್ಮ ಹಟ್ಟಿಯಲ್ಲೇ ಒಂದು ಮುದುಕಿ ಸತ್ತಾಗ, ಅವಳು ಅಂಗಳಕ್ಕೆ ಬಂದದ್ದು ನೋಡಿ ಮನೆಯ ಗಂಡಸರು, "ನೀನು ಪೊಲೀಸ್ ಸ್ಟೇಷನ್ನಾಗೆ ಹಾಡ್ಕ ಹೋಗು" ಎಂದು ಕಳಿಸಿದರು. ಅವಳು ಅವರ ಅಪ್ಪ ಅಜ್ಜಂದಿರನ್ನೆಲ್ಲ ಎತ್ತಿ ಬೈದು ಬಂದಳು. ಬಂದು ನನ್ನ ಮನೆಯ ಹಿತ್ತಲಲ್ಲಿ ಕೂತು ಅತ್ತಳು. ಹಾಡಿಲ್ಲದೆ ಅವಳು ಅತ್ತದ್ದನ್ನು ಮೊದಲ ಸಲ ನೋಡಿದೆ. ಕೆಟ್ಟದಾಗಿ, ಮಕ್ಕಳ ಹಾಗೆ, ಮೂಗು ಸುರಿಸಿಕೊಂಡು ಅತ್ತಳು.

ಅವಳನ್ನು ಕೊಂದ ದಿನ ನಾನು ಶಾಲೆಯಲ್ಲಿದ್ದೆ. ಷೆಡ್ಡಿನ ಹೆಂಗಸರು ಹೇಳಿದ್ದನ್ನು ಬರೆಯುತ್ತೇನೆ. ಮಧ್ಯಾಹ್ನ ಎಲ್ಲರೂ ಸಾಲಾಗಿ ಕೂತು ಕುಟ್ಟುತ್ತಿದ್ದರು. ಕೊಡತಿಗಳ ಸದ್ದಿನಲ್ಲಿ ಯಾರು ಒಳಗೆ ಬಂದದ್ದೂ ಕೇಳಲಿಲ್ಲ. ಜಯಣ್ಣ ಮುಖಕ್ಕೆ ಟವೆಲು ಕಟ್ಟಿದ್ದ. ಖಾಲಿ ಜಾಗದಲ್ಲಿದ್ದ ಒಂದು ಕೊಡತಿ ಎತ್ತಿಕೊಂಡು ಹಿಂದಿನಿಂದ ಬಂದು ಹೊಡೆದ. ಅವಳು ಮುಂದಕ್ಕೆ ಹುಣಸೆಯ ರಾಶಿಯ ಮೇಲೆ ಬಿದ್ದಳು. ತಿರುಗಲು ನೋಡಿದಳು. ಮತ್ತೆ ಹೊಡೆದ. ಅವಳು ಅವನ ಕಾಲು ಹಿಡಿದು ಎಳೆದಳಂತೆ, ಅವನು ಬಿದ್ದನಂತೆ, ಬಿದ್ದುಕೊಂಡೇ ಮುಖಕ್ಕೆ ಹೊಡೆದನಂತೆ. "ಹಾಡೇ, ಈಗ ಹಾಡೇ ಮುಂಡೆ" ಎಂದು ಕೂಗುತ್ತ ಹೊಡೆದ. ಆಮೇಲೆ ಹೆಂಗಸರು ಎದ್ದರು. ಇಡೀ ಷೆಡ್ಡು ಎದ್ದಿತು. ಅವನ ಎರಡೂ ಮೊಳಕಾಲನ್ನು ಕುಟ್ಟಿದರು, ಕೊಡತಿ ಹಿಡಿದ ಕೈಯನ್ನು ಕುಟ್ಟಿದರು, ಹುಣಸೆ ಮೂಟೆಗಳನ್ನು ಮೇಲೆ ಹೇರಿ ಮೇಲೆ ಕೂತರು. ಪೊಲೀಸರು ಬಂದು ಎಳೆದು ತೆಗೆದಾಗ ಅವನು ಬದುಕಿದ್ದ. ಪಟಾಲಮ್ಮ ಬದುಕಿರಲಿಲ್ಲ.

ನಾನು ಹೋಗುವ ಹೊತ್ತಿಗೆ ಅವಳ ಮೇಲೆ ಗೋಣಿಚೀಲ ಹೊದಿಸಿದ್ದರು. ಹುಣಸೆಯ ಕೆಂಪು, ರಕ್ತದ ಕೆಂಪು ಬೇರೆ ಮಾಡಲು ಬರುತ್ತಿರಲಿಲ್ಲ. ನೊಣ ಎರಡರ ಮೇಲೂ ಕೂತಿದ್ದವು.

ಆಸ್ಪತ್ರೆಯಿಂದ ಹೊಲಿದು ಕೊಟ್ಟ ಮೈಗೆ ನಾನೂ ಗಂಗಲಕ್ಷ್ಮಿಯೂ ನೀರು ಹಾಕಿದೆವು. ಮುಖದ ಎಡಭಾಗ ಇರಲಿಲ್ಲ. ನಾನು ಇನ್ನು ಹೆಚ್ಚು ಬರೆಯುವುದಿಲ್ಲ, ಅವಳ ಮೈ ಅವಳದು. ಮಣ್ಣಿಗೆ ಬಂದವರ ಫೋನುಗಳನ್ನೆಲ್ಲ ಗಂಗಲಕ್ಷ್ಮಿ ಬಾಗಿಲಲ್ಲೇ ಮಂಕರಿಗೆ ಹಾಕಿಸಿಕೊಂಡಳು. ಯಾವನೋ ಕೊಡುವುದಿಲ್ಲ ಎಂದದ್ದಕ್ಕೆ ಪೊರಕೆಯಿಂದ ಮುಖಕ್ಕೆ ಹೊಡೆದಳು. ಹಾಡುವವರು ಯಾರೂ ಇರಲಿಲ್ಲ. ಬರಿ ಕೂಗಾಟ, ಎದೆ ಬಡಿತ.

ಜಯಣ್ಣ ಈಗ ಜೈಲಿನಲ್ಲಿದ್ದಾನೆ, ಎರಡು ಕೊಲೆಯ ಕೇಸು. ಅನುಪಮನ ಕೇಸಿನಲ್ಲಿ ಪಟಾಲಮ್ಮನನ್ನು ಕಟಕಟೆಗೆ ಕರೆಯಲು ಇನ್ನು ಆಗುವುದಿಲ್ಲ. ಆದ್ದರಿಂದ ಅವಳ ಹೇಳಿಕೆಗೆ ಎಷ್ಟು ತೂಕ ಸಿಗುತ್ತದೋ ಗೊತ್ತಿಲ್ಲ ಎನ್ನುತ್ತಾಳೆ ಜೈಬಾ. ಆದರೆ ಅವಳು ಹೇಳದೇ ಹೋಗಿದ್ದರೆ ಆ ಮೂಳೆ ಮಣ್ಣಲ್ಲೇ ಇರುತ್ತಿತ್ತು. ಹಾಡಿನ ಮೂಲ ಪ್ರತಿ ಕೋರ್ಟಿನ ವಶದಲ್ಲಿ ಸೀಲಾಗಿದೆ. ಸಾಕ್ಷಿಗೆ ಅದೊಂದು ಸಾಕು, ಉಳಿದದ್ದನ್ನು ಈಗ ಅಳಿಸಬಹುದು. ಹಾಡಿದವಳ ಹಕ್ಕು ಈಗ ವಾರಸುದಾರಳಿಗೆ, ಅಂದರೆ ಗಂಗಲಕ್ಷ್ಮಿಗೆ. ರೇವಂತ ತನ್ನದನ್ನು ತೆಗೆದ. ಬೇರೆಯವರದು ಒಂದು ಕಡೆ ಹೋದರೆ ಇನ್ನೊಂದು ಕಡೆ ಬರುತ್ತದೆ. ಭಾನುವಾರಗಳಲ್ಲಿ ಗಂಗಲಕ್ಷ್ಮಿ ನನ್ನ ಮನೆಗೆ ಬರುತ್ತಾಳೆ. ಹುಡುಕಿ ಹುಡುಕಿ ಜೈಬಾಳಿಗೆ ಕಳಿಸುತ್ತೇವೆ. ಪಟಾಲಮ್ಮ ಕೇಳಿದ್ದು ಇದೊಂದೇ ತಾನೇ.

ಹೋದ ತಿಂಗಳು ನಾವಿಬ್ಬರೂ ಚನ್ನಮಲ್ಲಮ್ಮನನ್ನು ನೋಡಲು ಹೋದೆವು. ಬಾಗಿಲು ತೆರೆದೇ ಇತ್ತು. ಅವಳು ಒಲೆಯ ಮುಂದೆ ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಳು. ಯಾರ ಜೊತೆಯೋ ಮಾತಾಡುತ್ತಿದ್ದಾಳೆ ಎಂದುಕೊಂಡೆ. ಹತ್ತಿರ ಹೋದಾಗ ಪಟಾಲಮ್ಮನ ದನಿ ಕೇಳಿತು. ಏಳೇ ಅನುಪಮಾ. ಕೀಬೋರ್ಡು ಸಮೇತ.

ಚನ್ನಮಲ್ಲಮ್ಮ ನಮ್ಮನ್ನು ನೋಡಿ ಫೋನನ್ನು ಸೆರಗೊಳಗೆ ಮುಚ್ಚಿಟ್ಟಳು. ಕಳ್ಳತನದಲ್ಲಿ ಸಿಕ್ಕವರ ಹಾಗೆ.

"ಇದೊಂದ್ ಅಳಿಸ್ಬ್ಯಾಡಿ ಕಣ್ರವ್ವ," ಎಂದಳು. "ಊರಾಗೆ ಯಾರೂ ಅವ್ಳ ಹೆಸ್ರು ಎತ್ತಕಿಲ್ಲ. ಹೆಣ ಅಗೆಸ್ದೋಳು ಅಂತ ನನ್ ಕುಟ್ಟೆ ಮಾತೂ ಆಡಕಿಲ್ಲ. ಇದ್ರಾಗೆ ಒಬ್ಳು ಕರೀತಾಳೆ. ಅನುಪಮಾ ಅನುಪಮಾ ಅಂತ ಕರೀತಾಳೆ."

ನಾನು ಗಂಗಲಕ್ಷ್ಮಿಯ ಕಡೆ ನೋಡಿದೆ. ಈಗ ಅದು ಅವಳ ಹಾಡು. ಅವಳು ಚನ್ನಮಲ್ಲಮ್ಮನ ಸೆರಗಿನಿಂದ ಫೋನು ತೆಗೆದುಕೊಂಡು, ದನಿ ಕಡಿಮೆ ಮಾಡಿ, ಮತ್ತೆ ಅವಳ ಕೈಗೇ ಇಟ್ಟಳು.

"ಜೋರಾಗಿ ಇಕ್ಬ್ಯಾಡ ಕಣತ್ತೆ, ಆಚೆಗೆ ಕೇಳ್ತದೆ" ಎಂದು ಹೇಳಿ ಹೋಗಿ ಬಾಗಿಲು ಹಾಕಿದಳು.